ಕಾದಂಬರಿ ಓದಿ, ಸಿನಿಮಾ ನೋಡಿ, ಒಂದು ಪುಟ ಬರೆ

ಬಿಎ ಮೊದಲ ವರ್ಷದಲ್ಲಿ ನಮ್ಮ ಇಂಗ್ಲಿಷ್ ಮೇಡಂ ಒಂದು ನಿಯಮ ಮಾಡಿದರು. ಒಂದು ಕಾದಂಬರಿ ಓದಿದರೆ ಒಂದು ಪುಟ ಬರೆಯಬೇಕು. ಸಿನಿಮಾ ನೋಡಿದರೂ ಒಂದು ಪುಟ. ಕಥೆಯ ಸಾರಾಂಶ ಬೇಡ, ಅದು ಗೈಡುಗಳಲ್ಲಿ ಸಿಗುತ್ತದೆ. ನಿಮಗೆ ಏನು ಅನಿಸಿತು, ಯಾಕೆ ಅನಿಸಿತು ಅಷ್ಟು ಬರೀರಿ ಅಂದರು. ಜೊತೆಗೆ ಒಂದು ಷರತ್ತು. ಗುಡ್, ಬ್ಯಾಡ್, ನೈಸ್, ವೆರಿ, ಈ ಪದಗಳು ಆ ಪುಟದಲ್ಲಿ ಎಲ್ಲೂ ಬರಬಾರದು.

ನನ್ನ ಇಂಗ್ಲಿಷ್ ಬೆಳೆದದ್ದು ಆ ಷರತ್ತಿನಿಂದ. ಹೇಳಬೇಕಾದ ಮಾತು ಮನಸ್ಸಿನಲ್ಲಿ ಇದ್ದಾಗ ಪದ ಹುಡುಕುತ್ತೇವೆ. ಹಾಗೆ ಹುಡುಕಿ ಸಿಕ್ಕ ಪದ ಬಿಟ್ಟು ಹೋಗುವುದಿಲ್ಲ. ಡಿಗ್ರಿ ಮುಗಿಯುವವರೆಗೂ ಇದನ್ನು ನನ್ನಲ್ಲೇ ನೋಡಿದ್ದೇನೆ. ಇಂಗ್ಲಿಷ್ ಪದ ಜಾಸ್ತಿ ಮಾಡಿಕೊಳ್ಳಬೇಕು ಅಂತ ಒದ್ದಾಡುವ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಮಾಜಾಳಿಯಲ್ಲಿ. ಮನೆಯೊಳಗೆ ಕೊಂಕಣಿ, ಶಾಲೆಯಲ್ಲಿ ಕನ್ನಡ. ಗೋವಾ ಗಡಿ ಪಕ್ಕದಲ್ಲೇ ಇರುವುದರಿಂದ ಮರಾಠಿ, ಹಿಂದಿ ಕಿವಿಗೆ ಬೀಳುತ್ತಲೇ ಇರುತ್ತವೆ. ಕಾರವಾರದ ಕಡೆ ಇದು ದೊಡ್ಡ ವಿಷಯವಲ್ಲ. ಒಂದನೇ ಕ್ಲಾಸಿಗೆ ಸೇರಿದಾಗ ನನಗೆ ಕನ್ನಡವೂ ಹೊಸ ಭಾಷೆಯೇ ಆಗಿತ್ತು. ಆದರೆ ಕನ್ನಡದ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದ ನೆನಪು ನನಗಿಲ್ಲ. ಆಟದಲ್ಲಿ ಜಗಳ ಆಡಲು ಕನ್ನಡ ಬೇಕಿತ್ತು. ಟೀಚರಿಗೆ ದೂರು ಹೇಳಲು ಬೇಕಿತ್ತು. ಬೇಕಾದ್ದರಿಂದ ಬಂತು. ಇಂಗ್ಲಿಷಿಗೆ ಮಾತ್ರ ಅಂಥ ಅಗತ್ಯವೇ ಇರಲಿಲ್ಲ. ಪರೀಕ್ಷೆಯಲ್ಲಿ ಬರೆದರೆ ಮುಗಿಯಿತು. ಕಾಲೇಜಿಗೆ ಬಂದಾಗ ಕೈಗಾ ಟೌನ್‌ಶಿಪ್ಪಿನಿಂದ, ನೌಕಾನೆಲೆಯ ಕ್ವಾರ್ಟರ್ಸಿನಿಂದ ಬರುವವರು ಕ್ಲಾಸಿನಲ್ಲಿ ಸರಾಗವಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಅವರ ಜೊತೆ ಕಥೆಯ ಬಗ್ಗೆ ವಾದ ಮಾಡಬೇಕು ಅನ್ನುವ ಆಸೆ ನನಗೆ ಮೊದಲ ವಾರದಿಂದಲೇ ಇತ್ತು.

ಮೇಡಂ ಕೊಟ್ಟ ಮೊದಲ ಪುಸ್ತಕ ಅರ್ನೆಸ್ಟ್ ಹೆಮಿಂಗ್ವೇ ಬರೆದ ‘ದಿ ಓಲ್ಡ್ ಮ್ಯಾನ್ ಆ್ಯಂಡ್ ದಿ ಸೀ’. 1952ರ ಪುಟ್ಟ ಕಾದಂಬರಿ. ಕ್ಯೂಬಾದ ಮುದುಕ ಮೀನುಗಾರ ಸಾಂಟಿಯಾಗೊ. 84 ದಿನ ಅವನಿಗೆ ಒಂದು ಮೀನೂ ಸಿಕ್ಕಿರುವುದಿಲ್ಲ. ಮರುದಿನ ಒಬ್ಬನೇ ದೂರದ ಸಮುದ್ರಕ್ಕೆ ಹೋಗುತ್ತಾನೆ. ತನ್ನ ದೋಣಿಗಿಂತ ಉದ್ದದ ಮಾರ್ಲಿನ್ ಗಾಳಕ್ಕೆ ಬೀಳುತ್ತದೆ. ಹಗಲು ರಾತ್ರಿ ಹೋರಾಡಿ ಅದನ್ನು ಕೊಲ್ಲುತ್ತಾನೆ. ದಡಕ್ಕೆ ಬರುವಷ್ಟರಲ್ಲಿ ಶಾರ್ಕ್‌ಗಳು ಅದನ್ನು ತಿಂದು ಮುಗಿಸಿರುತ್ತವೆ. ಇಷ್ಟೇ ಕಥೆ. ವಾಕ್ಯಗಳು ಚಿಕ್ಕವು. ಕಷ್ಟದ ಪದಗಳಲ್ಲಿ ಮುಕ್ಕಾಲು ಪಾಲು ದೋಣಿ, ಮೀನು, ಸಮುದ್ರಕ್ಕೆ ಸೇರಿದವು. ಸ್ಕಿಫ್ ಅಂದರೆ ಸಣ್ಣ ದೋಣಿ. ಗ್ಯಾಫ್ ಅಂದರೆ ಮೀನನ್ನು ಎಳೆದುಕೊಳ್ಳುವ ಕೊಕ್ಕೆ. ಬೇಟ್ ಅಂದರೆ ಗಾಳಕ್ಕೆ ಸಿಕ್ಕಿಸುವ ಎರೆ, ಹಾರ್ಪೂನ್ ಅಂದರೆ ಮೀನಿಗೆ ಎಸೆಯುವ ಈಟಿ, ಮಾಸ್ಟ್ ಅಂದರೆ ಹಾಯಿ ಕಟ್ಟುವ ಕಂಬ, ಟಿಲ್ಲರ್ ಅಂದರೆ ಚುಕ್ಕಾಣಿಯ ಹಿಡಿ. ಕೈಗಾದ ಗೆಳತಿಗೆ ಈ ಪದಗಳು ನನಗಿಂತ ಮೊದಲು ಗೊತ್ತಿದ್ದವು. ಆ ವಸ್ತುಗಳನ್ನು ಮುಟ್ಟಿ ನೋಡಿದ್ದು ಮಾತ್ರ ನಾನು.

ನಮ್ಮ ಮಾಮ ಪರ್ಸೀನ್ ಬೋಟಿನ, ಅಂದರೆ ದೊಡ್ಡ ಬಲೆ ಸುತ್ತಿ ಮೀನು ಹಿಡಿಯುವ ಬೋಟಿನ, ತಾಂಡೇಲ. ಬೋಟು ನಡೆಸುವ ಮುಖ್ಯಸ್ಥನಿಗೆ ನಮ್ಮಲ್ಲಿ ತಾಂಡೇಲ ಅಂತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ ಅಂತ ಸರ್ಕಾರ ನಿಷೇಧ ಹಾಕುತ್ತದೆ. ಆ ಎರಡು ತಿಂಗಳು ಮಾಮ ಮನೆಯಲ್ಲೇ. ಜಗಲಿ ಮೇಲೆ ಕೂತು ಹರಿದ ಬಲೆ ಸರಿಮಾಡುತ್ತಾರೆ. ಹೊರಗೆ ಮಳೆ ಹೊಯ್ಯುತ್ತಿರುತ್ತದೆ. ನಾನು ಪಕ್ಕದಲ್ಲಿ ಕೂತು ಆ ಮುದುಕನ ಕಥೆಯನ್ನು ದಿನಕ್ಕಿಷ್ಟು ಅಂತ ಕೊಂಕಣಿಯಲ್ಲಿ ಹೇಳಿದೆ.

ಮಾಮ ಕೇಳಿದ ಪ್ರಶ್ನೆಗಳು ಯಾವ ಗೈಡಿನಲ್ಲೂ ಸಿಗುವುದಿಲ್ಲ. “ಅಷ್ಟು ದಿನ ಮೀನಿಲ್ಲ ಅಂದರೆ ಅವನು ಏನು ತಿಂತಿದ್ದ?” ಅಂತ ಮೊದಲು ಕೇಳಿದರು. ಮನೋಲಿನ್ ಅನ್ನುವ ಹುಡುಗ ಊಟ ತಂದುಕೊಡುತ್ತಾನೆ ಅಂದೆ. ಆ ಹುಡುಗ ಮೊದಲು ಮುದುಕನ ದೋಣಿಯಲ್ಲೇ ಇದ್ದ, 40 ದಿನ ಮೀನು ಸಿಗದೇ ಇದ್ದಾಗ ಅಪ್ಪ ಅಮ್ಮ ಬೇರೆ ದೋಣಿಗೆ ಕಳಿಸಿದರು ಅಂತಲೂ ಹೇಳಿದೆ. “ಅವರದ್ದು ತಪ್ಪಿಲ್ಲ, ಮನೆ ನಡೀಬೇಕಲ್ಲ” ಅಂದರು ಮಾಮ. ಮೀನು ಗಾಳಕ್ಕೆ ಬಿದ್ದ ಭಾಗ ಹೇಳಿದಾಗ ಕೈಯಲ್ಲಿದ್ದ ಬಲೆ ಕೆಳಗಿಟ್ಟರು. “ಇನ್ನೊಬ್ಬ ಇರಬೇಕಿತ್ತು. ಇದು ಒಬ್ಬನ ಕೆಲಸ ಅಲ್ಲ.” ನನಗೆ ಮೈ ಜುಂ ಅಂದಿತು. ಕಾದಂಬರಿಯಲ್ಲಿ ಸಾಂಟಿಯಾಗೊ ಮತ್ತೆ ಮತ್ತೆ ಹೇಳುವುದೂ ಇದನ್ನೇ: ಆ ಹುಡುಗ ಜೊತೆಗೆ ಇರಬೇಕಿತ್ತು ಅಂತ. ಆ ಭಾಗವನ್ನು ನಾನಿನ್ನೂ ಹೇಳಿರಲೇ ಇಲ್ಲ.

ಕ್ಲಾಸಿನಲ್ಲಿ ಆಗ ಒಂದು ಚರ್ಚೆ ನಡೆದಿತ್ತು. ಮುದುಕನನ್ನು ಒಂದು ಪದದಲ್ಲಿ ಹೇಳಿ ಅಂತ ಮೇಡಂ ಕೇಳಿದ್ದರು. ಒಬ್ಬರು ಸ್ಟಬರ್ನ್ ಅಂದರು, ಇನ್ನೊಬ್ಬರು ಪ್ರೌಡ್, ಮತ್ತೊಬ್ಬರು ಡಿಟರ್ಮಿಂಡ್. ಮೇಡಂ ಮೂರನ್ನೂ ಬೋರ್ಡಿನ ಮೇಲೆ ಬರೆದು, ಯಾವುದು ಸರಿ ಅಂತ ಪುಸ್ತಕದಿಂದ ತೋರಿಸಿ ಅಂದರು. ಮನೆಗೆ ಬಂದು ಮಾಮನಿಗೆ ಹೇಳಿದೆ, ಕೆಲವರು ಅವನಿಗೆ ಹಠ ಜಾಸ್ತಿ ಅಂತಾರೆ ಅಂತ. ಮಾಮನಿಗೆ ಸಿಟ್ಟೇ ಬಂತು. “ಹತ್ತಿರದಲ್ಲಿ ಮೀನಿಲ್ಲ. ದೂರ ಹೋಗದೆ ಇನ್ನೇನು ಮಾಡ್ತಾನೆ? ನಾವು ಹೋಗ್ತಿಲ್ವಾ?” ಅಂದರು. ಈಗ ದಡದ ಹತ್ತಿರ ಮೀನು ಕಡಿಮೆಯಾದಾಗ ಬೋಟುಗಳು ಡೀಸೆಲ್ ಸುಟ್ಟುಕೊಂಡು ದೂರ ಹೋಗುತ್ತವೆ. ಕೆಲವು ಸಲ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಅದನ್ನು ಹಠ ಅನ್ನಲು ಆಗುತ್ತಾ?

ಆ ರಾತ್ರಿ ನಾನು ಹುಡುಕಿದ ಪದ ಡೆಸ್ಪರೇಟ್. ಬೇರೆ ದಾರಿ ಉಳಿಯದವನ ಸ್ಥಿತಿ. ಆದರೆ ಮುದುಕ ಬರೀ ಅಷ್ಟೇ ಅಲ್ಲ, ಕೆಲಸ ಬಲ್ಲವನು. ಗಾಳದ ಹಗ್ಗಗಳನ್ನು ಬೇರೆ ಎಲ್ಲರಿಗಿಂತ ನೇರವಾಗಿ, ಸರಿಯಾದ ಆಳಕ್ಕೆ ಬಿಡುತ್ತಾನೆ. ಶಕ್ತಿ ಉಳಿಯಬೇಕು ಅಂತ ಹಸಿ ಮೀನು ತಿನ್ನುತ್ತಾನೆ. ಇದಕ್ಕೆ ಸ್ಕಿಲ್ ಅನ್ನುವ ಪದ ಸಾಲದು ಅನಿಸಿ ಪ್ರಿಸಿಶನ್ (ಕರಾರುವಾಕ್ಕು), ಎಂಡ್ಯೂರೆನ್ಸ್ (ತಾಳಿಕೊಳ್ಳುವ ಶಕ್ತಿ) ಹುಡುಕಿದೆ. ಕಾದಂಬರಿಯ ಮೊದಲ ಪುಟಗಳಲ್ಲೇ ಹ್ಯುಮಿಲಿಟಿ ಅನ್ನುವ ಪದ ಬರುತ್ತದೆ. ವಿನಯ ಬಂದರೆ ಅದರಿಂದ ಮನುಷ್ಯನ ನಿಜವಾದ ಹೆಮ್ಮೆಗೆ ನಷ್ಟವಿಲ್ಲ ಅನ್ನುವ ಅರ್ಥದ ಮಾತು ಅಲ್ಲಿದೆ. ಅದನ್ನೂ ಸೇರಿಸಿಕೊಂಡೆ. ಮಾಮನ ಮಾತನ್ನು ಇಂಗ್ಲಿಷಿಗೆ ತಂದು ಬರೆದೆ. ಪುಟ ತುಂಬಿ ಹಿಂಬದಿಗೂ ಹೋಯಿತು. ಮೇಡಂ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಹಾಕಿದ್ದು ಒಂದೇ ಗೆರೆ: ಈ ವಾದವನ್ನು ಕ್ಲಾಸಿನಲ್ಲಿ ಎದ್ದು ನಿಂತು ಹೇಳು. ಹೇಳಿದೆ. ಡೆಸ್ಪರೇಟ್, ಎಂಡ್ಯೂರೆನ್ಸ್ ಇವು ಅವತ್ತಿನಿಂದ ನನ್ನ ಪದಗಳು. ಎಲ್ಲಿ ಕಂಡರೂ ಮಾಮನ ಜಗಲಿ ನೆನಪಾಗುತ್ತದೆ.

ಪದಗಳ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಎಷ್ಟು ಪದ ಗೊತ್ತಿದ್ದರೆ ಸಾಕು ಅಂತ ಎಲ್ಲರೂ ಕೇಳುತ್ತಾರೆ. ನ್ಯೂಜಿಲೆಂಡಿನ ಭಾಷಾ ವಿದ್ವಾಂಸ ಪಾಲ್ ನೇಶನ್ 2006ರಲ್ಲಿ ಇದರ ಅಂದಾಜು ಕೊಟ್ಟಿದ್ದಾರೆ. ಇಂಗ್ಲಿಷ್ ಕಾದಂಬರಿಯನ್ನು ಯಾರ ಸಹಾಯವೂ ಇಲ್ಲದೆ ಓದಲು ಅದರ ಪದಗಳಲ್ಲಿ ಶೇಕಡಾ 98ರಷ್ಟು ಗೊತ್ತಿರಬೇಕು. ಅದಕ್ಕೆ 8000ದಿಂದ 9000 ಪದ ಕುಟುಂಬಗಳು ಬೇಕು. ಹೆಲ್ಪ್, ಹೆಲ್ಪರ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಎಲ್ಲ ಸೇರಿ ಒಂದು ಕುಟುಂಬ. ಕೇಳಿದರೆ ಹೆದರಿಕೆ ಆಗುತ್ತದೆ ಅಲ್ವಾ? ಆದರೆ ಅತಿ ಹೆಚ್ಚು ಬಳಕೆಯ ಮೊದಲ 2000 ಕುಟುಂಬಗಳೇ ಯಾವ ಪುಸ್ತಕದಲ್ಲಾದರೂ ಬಹುಪಾಲು ಜಾಗ ತುಂಬುತ್ತವೆ. ಅವು ಪಿಯುಸಿ ಮುಗಿಸಿದವರಿಗೆ ಸುಮಾರಾಗಿ ಗೊತ್ತಿರುತ್ತವೆ. ಮುಂದಿನವು ಅಪರೂಪಕ್ಕೆ ಬರುತ್ತವೆ. ಹಾಗಾಗಿ ಜಾಸ್ತಿ ಓದಬೇಕು, ಒಂದೇ ಪದ ಬೇರೆ ಬೇರೆ ಕಡೆ ಹಲವು ಸಲ ಸಿಗಬೇಕು.

ನಾನು ಓದುವಾಗ ಎಲ್ಲ ಹೊಸ ಪದಕ್ಕೂ ನಿಲ್ಲುವುದಿಲ್ಲ. ಒಂದು ಪದ ಎರಡನೇ ಸಲ ಬಂದರೆ ಪೆನ್ಸಿಲಿನಿಂದ ಗೆರೆ ಹಾಕುತ್ತೇನೆ. ಅಧ್ಯಾಯ ಮುಗಿದ ಮೇಲೆ ಅದನ್ನಷ್ಟೇ ನೋಡುತ್ತೇನೆ. ನೋಟ್‌ಬುಕ್ಕಿನ ಎಡ ಪುಟದಲ್ಲಿ ಪುಸ್ತಕದ ವಾಕ್ಯ, ಬಲ ಪುಟದಲ್ಲಿ ನನ್ನ ವಾಕ್ಯ. ನನ್ನ ವಾಕ್ಯ ಆ ಕಥೆಯ ಪಾತ್ರದ ಬಗ್ಗೆಯೇ ಇರಬೇಕು. ಇದು ನಾನೇ ಮಾಡಿಕೊಂಡ ನಿಯಮ, ತುಂಬಾ ಉಪಯೋಗ ಆಗಿದೆ.

ಡಿಕ್ಷನರಿಯಲ್ಲಿ ಎರಡು ಥರ ಬೇಕು. ಓದುವಾಗ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ. 1948ರಲ್ಲಿ ಆಕ್ಸ್‌ಫರ್ಡ್ ಇದನ್ನು ಮೊದಲು ಹೊರತಂದಿತು. ಮಾಡಿದವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ. ಮನೆಯಲ್ಲಿ ಇಂಗ್ಲಿಷ್ ಇಲ್ಲದವರಿಗಾಗಿಯೇ ಮಾಡಿದ ನಿಘಂಟು, ಅರ್ಥಗಳು ಸುಲಭದ ಪದಗಳಲ್ಲೇ ಇವೆ. ಬರೆಯುವಾಗ ಬೇಕಾದದ್ದು ಇದಕ್ಕೆ ಉಲ್ಟಾ. ಹೇಳಬೇಕಾದ್ದು ಕನ್ನಡದಲ್ಲಿ ಗೊತ್ತಿದೆ, ಇಂಗ್ಲಿಷ್ ಗೊತ್ತಿಲ್ಲ. ಅದಕ್ಕೆ ವಿ. ಕೃಷ್ಣ ಅವರು ಮಾಡಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು. 2019ರಿಂದ ಫೋನಿನಲ್ಲೇ ಉಚಿತವಾಗಿ ಸಿಗುತ್ತದೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಒಬ್ಬ ಮನುಷ್ಯ ದಶಕಗಟ್ಟಲೆ ಕೂತು ಇಷ್ಟು ಕೆಲಸ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ ಅನ್ನುವುದು ನೆನೆದಾಗಲೆಲ್ಲ ಕೃತಜ್ಞತೆ ಅನಿಸುತ್ತದೆ.

ಸಿನಿಮಾಕ್ಕೆ ಬರೋಣ. ಅದೇ ಹೆಮಿಂಗ್ವೇ ಕಾದಂಬರಿ 1958ರಲ್ಲಿ ಸಿನಿಮಾ ಆಯಿತು. ಮುದುಕನಾಗಿ ಸ್ಪೆನ್ಸರ್ ಟ್ರೇಸಿ. ನಿರೂಪಕನ ದನಿಯೂ ಅವರದೇ. ಕಾದಂಬರಿಯ ಎಷ್ಟೋ ವಾಕ್ಯಗಳನ್ನು ಆ ದನಿಯಲ್ಲಿ ಕೇಳಬಹುದು. ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ಕಣ್ಣಿನಿಂದ ಕಲಿತ ಪದಗಳು ಕಿವಿಗೆ ಬಿದ್ದವು. ಪುಸ್ತಕದಿಂದ ಮಾತ್ರ ಇಂಗ್ಲಿಷ್ ಕಲಿಯುವ ನಮ್ಮಂಥವರಿಗೆ ಉಚ್ಚಾರದ ಧೈರ್ಯ ಇರುವುದಿಲ್ಲ. ಪದ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಸಿನಿಮಾ ಆ ಅಳುಕನ್ನು ತೆಗೆಯುತ್ತದೆ. ಸಬ್‌ಟೈಟಲ್ ಹಾಕುವುದಾದರೆ ಇಂಗ್ಲಿಷಿನದ್ದೇ ಹಾಕಿ. ಹಿಂದಿಯದ್ದು ಹಾಕಿದರೆ ಕಿವಿ ಕೆಲಸ ಮಾಡುವುದನ್ನೇ ಬಿಡುತ್ತದೆ.

ಮಾಮನಿಗೂ ಫೋನಿನಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ “ಇದು ಸಮುದ್ರದ ನೀರಲ್ಲ” ಅಂದರು. ಅಲೆ ಬರುವ ರೀತಿ ನೋಡಿಯೇ ಹೇಳಿದ್ದು. ಆಮೇಲೆ ಓದಿದೆ. ಆ ಸಿನಿಮಾದ ಎಷ್ಟೋ ದೃಶ್ಯಗಳನ್ನು ಸ್ಟುಡಿಯೋದ ದೊಡ್ಡ ನೀರಿನ ತೊಟ್ಟಿಯಲ್ಲಿ ತೆಗೆದಿದ್ದಾರೆ. ಆ ಪುಟದಲ್ಲಿ ಆರ್ಟಿಫಿಶಿಯಲ್, ಕನ್ವಿನ್ಸಿಂಗ್ ಈ ಎರಡು ಪದಗಳು ಬಂದವು. ಸಿನಿಮಾ ನನಗೆ ಹಿಡಿಸಿತು, ಆದರೆ ಮುದುಕನ ಒಂಟಿತನ ಕಾದಂಬರಿಯಲ್ಲೇ ಜಾಸ್ತಿ ತಟ್ಟುತ್ತದೆ. ಸಿನಿಮಾದಲ್ಲಿ ಯಾರೋ ಅವನನ್ನು ನೋಡುತ್ತಿದ್ದಾರೆ ಅನಿಸುತ್ತದೆ. ಪುಸ್ತಕದಲ್ಲಿ ಅವನ ಜೊತೆ ಯಾರೂ ಇಲ್ಲ.

ನನಗೆ ತುಂಬಾ ಖುಷಿ ಕೊಟ್ಟ ಇಂಗ್ಲಿಷ್ ಪುಟಗಳು ಕಾದಂಬರಿಯವಲ್ಲ, ರವೀಂದ್ರನಾಥ ಟ್ಯಾಗೋರರ ‘ಮೈ ರೆಮಿನಿಸೆನ್ಸಸ್’ ಪುಸ್ತಕದವು. ಅವರ ಅಣ್ಣ ಸತ್ಯೇಂದ್ರನಾಥರು ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್ ಪಾಸಾದ ಮೊದಲ ಭಾರತೀಯ. ಅವರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಇಲ್ಲಿಗೆ ಬಂದು ಇದ್ದರು. ಇಲ್ಲೇ ಒಂದು ನಾಟಕವನ್ನೂ ಬರೆದರು. ನಮ್ಮ ಬೀಚಿಗೆ ಅವರ ಹೆಸರಿದೆ ಅಂತ ಊರಿನ ಎಲ್ಲರಿಗೂ ಗೊತ್ತು. ಅವರು ಕಾರವಾರದ ಬಗ್ಗೆ ಬರೆದದ್ದನ್ನು ಓದಿದವರು ಕಡಿಮೆ. ತೋಳು ಚಾಚಿದ ಹಾಗೆ ಬಾಗಿದ ಕಡಲ ತೀರ, ಗಾಳಿ ಮರಗಳ ಸಾಲು, ಗುಡ್ಡಗಳ ನಡುವೆ ಹರಿದು ಬರುವ ಕಾಳಿ ನದಿ. ಬೆಳದಿಂಗಳಲ್ಲಿ ದೋಣಿಯಲ್ಲಿ ನದಿಯ ಮೇಲೆ ಹೋಗಿ ಶಿವಾಜಿಯ ಕಾಲದ ಕೋಟೆ ಗುಡ್ಡದ ಹತ್ತಿರ ಇಳಿದದ್ದು, ಆಮೇಲೆ ನದಿ ಸಮುದ್ರ ಸೇರುವ ಕಡೆಯಿಂದ ಮರಳಿನ ಮೇಲೆ ನಡೆದು ಮನೆಗೆ ಬಂದದ್ದು, ಎಲ್ಲ ಇದೆ. ನಾನು ದಿನವೂ ಸದಾಶಿವಗಡದ ಕೋಟೆ ಗುಡ್ಡದ ಬುಡದಲ್ಲಿ ಬಸ್ಸಿನಲ್ಲಿ ಬಂದು ಕಾಳಿ ಸೇತುವೆ ದಾಟಿ ಕಾಲೇಜಿಗೆ ಹೋಗುತ್ತಿದ್ದವಳು. ಕ್ರೆಸೆಂಟ್, ಫ್ರಿಂಜ್, ಕ್ಯಾಸುವರಿನಾ ಇವುಗಳಿಗೆ ಡಿಕ್ಷನರಿ ತೆಗೆಯಲೇ ಇಲ್ಲ. ಬೀಚಿಗೆ ಹೋಗಿ ನಿಂತು ಅದೇ ಪುಟ ಗಟ್ಟಿಯಾಗಿ ಓದಿದೆ. ಪ್ರತಿ ಪದ ಎದುರಿಗೇ ಇತ್ತು. ನಿಮ್ಮ ಊರಿನ ಬಗ್ಗೆ ಯಾರಾದರೂ ಇಂಗ್ಲಿಷಿನಲ್ಲಿ ಬರೆದಿದ್ದರೆ ದಯವಿಟ್ಟು ಹುಡುಕಿ ಓದಿ. ಅದಕ್ಕೆ ಸಮನಾದ ಪಾಠ ಇನ್ನೊಂದಿಲ್ಲ.

ಇನ್ನೊಂದು ಪ್ರಯೋಗ ಗೋಕರ್ಣದ ಜಯಂತ ಕಾಯ್ಕಿಣಿ ಅವರ ಕಥೆಗಳ ಜೊತೆ ಮಾಡಿದೆ. ಅವರ ಮುಂಬೈ ಕಥೆಗಳನ್ನು ತೇಜಸ್ವಿನಿ ನಿರಂಜನ ಅವರು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಹೆಸರಿನಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ 2018ರಲ್ಲಿ ಸಂದದ್ದು ಆ ಪುಸ್ತಕಕ್ಕೆ. ಮೊದಲು ಕನ್ನಡದ ಕಥೆ ಓದುತ್ತೇನೆ. ಪುಸ್ತಕ ಮುಚ್ಚಿ, ಒಂದು ಪ್ಯಾರಾವನ್ನು ನನ್ನ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಆಮೇಲೆ ಅನುವಾದ ತೆರೆದು ಪಕ್ಕದಲ್ಲಿ ಇಡುತ್ತೇನೆ. ನಾನು ಎರಡು ಸಾಲು ತೆಗೆದುಕೊಂಡ ಕಡೆ ಅವರು ಒಂದೇ ಕ್ರಿಯಾಪದದಲ್ಲಿ ಮುಗಿಸಿರುತ್ತಾರೆ. ಕ್ರಿಯಾಪದಗಳನ್ನು ಕಲಿಯಲು ಇದರಷ್ಟು ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ನಾವು ಸುಮ್ನೆ ನಾಮಪದ, ವಿಶೇಷಣಗಳ ಹಿಂದೆ ಓಡುತ್ತೇವೆ.

ಕೊನೆಯ ವರ್ಷ ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ ಇತ್ತು. ನಾರಾಯಣ್ ಅಂದರೆ ನಮಗೆಲ್ಲ ಹೊನ್ನಾವರ ಕಡೆಯ ಶಂಕರ್ ನಾಗ್ ಮಾಡಿದ ಮಾಲ್ಗುಡಿ ಧಾರಾವಾಹಿಯಿಂದ ಪರಿಚಯ. ಈ ಕಾದಂಬರಿ 1958ರದ್ದು, 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಹಿಂದಿ ಸಿನಿಮಾ 1965ರಲ್ಲಿ ಬಂತು. ವಿಜಯ್ ಆನಂದ್ ನಿರ್ದೇಶನ, ದೇವ್ ಆನಂದ್ ಮತ್ತು ವಹೀದಾ ರೆಹಮಾನ್. ಮೇಡಂ ಎರಡನ್ನೂ ಇಟ್ಟು ಬರೀರಿ ಅಂದರು. ಹಿಂದಿ ಸಿನಿಮಾ ನೋಡಿ ಇಂಗ್ಲಿಷಿನಲ್ಲಿ ಬರೆಯುವುದರಲ್ಲಿ ಒಂದು ದೊಡ್ಡ ಲಾಭ ಇದೆ. ಇಂಗ್ಲಿಷ್ ಸಂಭಾಷಣೆಯನ್ನು ಎತ್ತಿ ಹಾಕಿಕೊಳ್ಳಲು ಆಗುವುದೇ ಇಲ್ಲ. ಪ್ರತಿ ಪದವನ್ನೂ ನಾವೇ ತರಬೇಕು.

ರೈಲ್ವೆ ಸ್ಟೇಷನ್ನಿನಲ್ಲಿ ಗೈಡ್ ಆಗಿದ್ದ ರಾಜು ಜೈಲಿಗೆ ಹೋಗಿ ಬರುತ್ತಾನೆ. ಒಂದು ಹಳ್ಳಿಯ ಜನ ಅವನನ್ನು ಸ್ವಾಮಿ ಅಂತ ನಂಬುತ್ತಾರೆ. ಬರ ಬಂದಾಗ ಮಳೆಗಾಗಿ ಉಪವಾಸ ಕೂರಬೇಕಾಗುತ್ತದೆ. ಸಿನಿಮಾದ ಕೊನೆಯಲ್ಲಿ ಮಳೆ ಸುರಿಯುತ್ತದೆ, ರಾಜು ಸಾಯುತ್ತಾನೆ. ಕಾದಂಬರಿಯಲ್ಲಿ ಅವನು ನೀರಿಗೆ ಇಳಿದು, ಬೆಟ್ಟದಲ್ಲಿ ಮಳೆ ಬರುತ್ತಿದೆ, ನನ್ನ ಕಾಲಿಗೆ ಗೊತ್ತಾಗುತ್ತಿದೆ ಅನ್ನುತ್ತಾ ಕುಸಿಯುತ್ತಾನೆ. ಮಳೆ ಬಂತಾ, ಅವನು ಸತ್ತನಾ, ನಾರಾಯಣ್ ಹೇಳುವುದಿಲ್ಲ. ಸಿನಿಮಾ ಅವರಿಗೆ ಹಿಡಿಸಿರಲಿಲ್ಲ, ಅದರ ಬಗ್ಗೆ ಅವರೇ ಲೇಖನ ಬರೆದಿದ್ದಾರೆ.

ನಾನು ಕಾದಂಬರಿಯ ಪರ ಬರೆದೆ. ಆಂಬಿಗ್ಯುಯಸ್, ಅಂದರೆ ಒಂದಕ್ಕಿಂತ ಹೆಚ್ಚು ಅರ್ಥಕ್ಕೆ ಎಡೆಕೊಡುವ, ಅನ್ನುವ ಪದ ಆಗ ನನ್ನ ಜೀವ. ಸುಳ್ಳು ಸ್ವಾಮಿಯಾಗಿ ಶುರುವಾದವನು ಕೊನೆಗೆ ತಾನೇ ನಂಬುತ್ತಾನೆ, ಆ ನಂಬಿಕೆ ಮುಖ್ಯ, ಮಳೆ ಅಲ್ಲ ಅಂತ ನನ್ನ ವಾದ. ಕ್ಲಾಸಿನಲ್ಲಿ ಮುಂಡಗೋಡ ಕಡೆಯ ಗೆಳತಿ ಎದ್ದು ನಿಂತಳು. ಅವಳೂ ನನ್ನ ಹಾಗೆ ಕನ್ನಡ ಮಾಧ್ಯಮದವಳು. “ನಿಮ್ಮ ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮಳೆ. ಮಳೆ ಮುಖ್ಯ ಅಲ್ಲ ಅಂತ ನೀನು ಆರಾಮಾಗಿ ಹೇಳ್ತಿ. ಜುಲೈನಲ್ಲಿ ಆಕಾಶ ನೋಡ್ತಾ ಕೂತವರಿಗೆ ಆ ಸಿನಿಮಾದ ಮಳೆ ಸುಳ್ಳಲ್ಲ” ಅಂತ ಇಂಗ್ಲಿಷಿನಲ್ಲೇ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು. ಡ್ರೌಟ್, ರಿಲೀಫ್, ಡಿಸರ್ವ್ ಅನ್ನುವ ಪದಗಳು ಅವಳ ಬಾಯಿಂದ ಬಂದವು. ಮುಂಡಗೋಡ, ಹಳಿಯಾಳ ನಮ್ಮದೇ ಜಿಲ್ಲೆ, ಆದರೆ ಅಲ್ಲಿಯ ಮಳೆ ನಮ್ಮ ಅರ್ಧದಷ್ಟೂ ಇಲ್ಲ. ಹಳ್ಳಿಯ ಜನ ಆ ಮಳೆಗೆ ಅರ್ಹರು, ಅವರಿಗೆ ಅದನ್ನು ಕೊಡದೆ ಕಥೆ ಮುಗಿಸುವುದು ಕ್ರೌರ್ಯ ಅನ್ನುವುದು ಅವಳ ನಿಲುವು.

ನಾನು ಪುಟವನ್ನು ಮತ್ತೆ ಬರೆದೆ. ಹಳ್ಳಿಯ ಜನರ ಕಡೆಯಿಂದ ನೋಡುವ ಒಂದು ಪ್ಯಾರಾ ಸೇರಿಸಿದೆ, ಅವಳ ಮಾತು ಅಂತ ಹೆಸರು ಹಾಕಿ. ಆದರೂ ನನ್ನ ಮತ ಕಾದಂಬರಿಗೇ. ಮಳೆ ಸುರಿದ ಕೂಡಲೇ ರಾಜು ಸಂತನಾಗಿಬಿಡುತ್ತಾನೆ, ಅವನೊಳಗಿನ ಮನುಷ್ಯನ ಬಗ್ಗೆ ಕೇಳಲು ನಮಗೆ ಏನೂ ಉಳಿಯುವುದಿಲ್ಲ. ಗೆಳತಿ ನನ್ನ ನೋಟ್‌ಬುಕ್ ತೆಗೆದುಕೊಂಡು ಹೋಗಿ ಕೆಳಗೆ ಉದ್ದಕ್ಕೆ ಉತ್ತರ ಬರೆದು ತಂದುಕೊಟ್ಟಿದ್ದಾಳೆ. ಅದರಲ್ಲಿ ನನಗೆ ಗೊತ್ತಿಲ್ಲದ ಪದಗಳೂ ಇವೆ. ಅವನ್ನು ನೋಡಿಕೊಂಡು, ‘ದಿ ಗೈಡ್’ ಕೊನೆಯ ಅಧ್ಯಾಯ ಇನ್ನೊಮ್ಮೆ ಓದಿ, ಈ ವಾರ ಅವಳಿಗೆ ಉತ್ತರ ಬರೆಯುತ್ತೇನೆ.